ಟ್ರ್ಯಾಕ್ಟರ್ ಡೀಸೆಲ್ ಪಂಪಿನ ಸೋರಿಕೆ: ಎಲ್ಲಿವರೆಗೆ ನಾನೇ, ಎಲ್ಲಿಂದ ಶಾಪಿಗೆ

ಇಂಜೆಕ್ಟರ್ ಕೆಲಸ ಮುಗಿದ ಮೇಲೆ ಹಳೇ ಟ್ರ್ಯಾಕ್ಟರಿನಲ್ಲಿ ಉಳಿದದ್ದು ಡೀಸೆಲ್ ಪಂಪಿನ, ಅಂದರೆ ಇಂಜೆಕ್ಟರಿಗೆ ಡೀಸೆಲ್ ಒತ್ತಿ ಕಳಿಸೋ ಪಂಪಿನ, ಸೋರಿಕೆ. ಮೆಕ್ಕೆಜೋಳದ ಬಿತ್ತನೆ ಹತ್ತಿರ ಬಂತು. ಪಂಪು ಇಳಿಸಿ ದಾವಣಗೆರೆಯ ಪಂಪ್ ಶಾಪಿಗೆ ಕೊಟ್ಟರೆ ಯಾವಾಗ ಕೈಗೆ ಬರುತ್ತೋ ಹೇಳೋಕಾಗಲ್ಲ. ಹಾಗಂತ ಸಿಕ್ಕ ಪಾನ ಹಿಡಿದು ಬಿಚ್ಚೋ ವಸ್ತುವೂ ಇದಲ್ಲ.

ನಮ್ಮದು ಮೂರು ಸಿಲಿಂಡರ್ ಇಂಜಿನ್, ಸಿಎವಿ ಕಂಪನಿ ವಿನ್ಯಾಸದ, ಡಿಪಿಎ ಅನ್ನೋ ಮಾದರಿಯ ರೋಟರಿ ಪಂಪು. 1959ರಲ್ಲಿ ಮ್ಯಾಸಿ ಫರ್ಗ್ಯೂಸನ್ 35ಕ್ಕೆ ಪರ್ಕಿನ್ಸ್ ಇಂಜಿನ್ ಕೂರಿಸಿದಾಗ ಜೊತೆಗೆ ಬಂದದ್ದೂ ಈ ಜಾತಿಯ ಪಂಪೇ. ಇದರ ಒಳಗಿನ ಉಪಾಯ ನನಗೆ ಬಹಳ ಇಷ್ಟ. ಸಿಲಿಂಡರಿಗೊಂದು ಪ್ಲಂಜರ್ (ಡೀಸೆಲ್ ಒತ್ತೋ ಸಣ್ಣ ಪಿಸ್ಟನ್) ಅಂತ ಇಲ್ಲ. ಎದುರುಬದುರು ಕೂತ ಒಂದೇ ಜೋಡಿ ಪ್ಲಂಜರ್ ಒತ್ತಡ ಕೊಡುತ್ತೆ, ತಿರುಗೋ ರೋಟರ್ ಅದನ್ನ ಸರದಿ ಪ್ರಕಾರ ಮೂರೂ ಪೈಪಿಗೆ ಹಂಚುತ್ತೆ. ಪಂಪಿನ ಒಳಗೆ ಬೇರೆ ಆಯಿಲ್ ಇಲ್ಲ, ಹರಿಯೋ ಡೀಸೆಲ್ಲೇ ಜಿಡ್ಡು. ಹಾಗಾಗಿ ಯಾವ ಸೀಲ್ ಹೋದರೂ ಬರೋದು ಡೀಸೆಲ್ಲೇ; ಎಲ್ಲಿಂದ ಬರ್ತಿದೆ ಅನ್ನೋದನ್ನ ಪತ್ತೆ ಮಾಡದೆ ನಿರ್ಧಾರವೇ ಆಗಲ್ಲ.

ಪಂಪನ್ನ ಪೂರ್ತಿ ತೊಳೆದು ಒರೆಸಿ, ಅಲ್ಲಲ್ಲಿ ಟಿಶ್ಯೂ ಪೇಪರ್ ಸುತ್ತಿ, ಇಂಜಿನ್ ಓಡಿಸಿ ಆಫ್ ಮಾಡಿ ನೋಡಿದೆ. ಓಡ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಹತ್ತಿರ ಬೆರಳಿಟ್ಟು ಮಾತ್ರ ಹುಡುಕಬೇಡಿ. ಅಲ್ಲಿಂದ ಚಿಮ್ಮೋ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ. ಹೈ ಪ್ರೆಶರ್ ಪೈಪುಗಳ ಹತ್ತಿರ ಒಣಗೇ ಇತ್ತು. ಒದ್ದೆಯಾದದ್ದು ಪಂಪಿನ ಮೇಲೆ, ಇಂಜಿನ್ ವೇಗ ಹಿಡಿತದಲ್ಲಿಡೋ ಗವರ್ನರಿನ ಮುಚ್ಚಳ, ಅದೂ ರೇಸ್ ಲಿವರಿನ ಶಾಫ್ಟ್ ಹೊರಗೆ ಬರೋ ಜಾಗ. ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸ್ತಿದ್ದದ್ದೂ ಇದರಿಂದಲೇ ಇರಬೇಕು, ಡೀಸೆಲ್ ಹೊರಗೆ ಬರೋ ದಾರೀಲಿ ಗಾಳಿ ಒಳಗೆ ಹೋಗುತ್ತೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಪಂಪನ್ನ ತಿರುಗಿಸೋ ಡ್ರೈವ್ ಶಾಫ್ಟಿನ ಸೀಲ್ ಹೋಗಿದ್ದರೆ ಡೀಸೆಲ್ ಹೊರಗೆ ಕಾಣಲ್ಲ, ಟೈಮಿಂಗ್ ಕೇಸ್ (ಇಂಜಿನ್ ಮುಂದಿನ ಗೇರುಗಳ ಪೆಟ್ಟಿಗೆ) ಮೂಲಕ ಇಂಜಿನ್ ಆಯಿಲಿಗೆ ಸೇರುತ್ತೆ. ಆಯಿಲ್ ತೆಳುವಾದರೆ ಬೇರಿಂಗ್ ಹಾಳು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿರಲಿಲ್ಲ, ಡೀಸೆಲ್ ವಾಸನೆಯೂ ಇರಲಿಲ್ಲ. ಏರಿದ್ದರೆ ಪಂಪು ಇಳಿಸದೆ ಗತಿ ಇರಲಿಲ್ಲ.

ಸೀಲ್ ಕಿಟ್ ತರೋಕೆ ಹೋದಾಗ ಪಂಪ್ ಶಾಪಿನ ಹಿರಿಯರು ಹೇಳಿದ್ದೂ ಇಷ್ಟೇ: "ಮ್ಯಾಲಿನ ಸೀಲ್ ಬೇಕಾರೆ ನೀವೇ ಹಾಕ್ಕಳ್ರಿ. ಹೆಡ್ಡು ಮಾತ್ರ ಮುಟ್ಟಬ್ಯಾಡ್ರಿ." ಪೈಪುಗಳು ಹೊರಡೋ ಹೆಡ್ ಮತ್ತು ಅದರೊಳಗೆ ತಿರುಗೋ ರೋಟರ್ ಒಂದಕ್ಕೊಂದು ಹೊಂದಿಸಿ ತಯಾರಾದ ಜೋಡಿ, ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಧೂಳಿನ ಒಂದು ಕಣ ಗೀರು ಹಾಕಿದರೂ ಮೂರೂ ಸಿಲಿಂಡರಿಗೆ ಪೆಟ್ಟು. ಮತ್ತೆ ಜೋಡಿಸಿದ ಮೇಲೆ ಪಂಪು ಓಡಿಸಿ ನೋಡೋ ಟೆಸ್ಟ್ ಬೆಂಚಿನಲ್ಲಿ ಡೀಸೆಲ್ ಅಳತೆ ಆಗಲೇಬೇಕು. ಆ ಬೆಂಚು ಮನೇಲಿ ಇಲ್ಲ ಅನ್ನೋದೇ ನನ್ನ ಗೆರೆ: ಅಳತೆ ಬದಲಾಗದ ಕೆಲಸ ನಾನು ಮಾಡ್ತೀನಿ, ಬದಲಾಗೋದು ಶಾಪಿಗೆ.

ಮುಚ್ಚಳದ ಕೆಲಸಕ್ಕೆ ಪಂಪು ಇಳಿಸಬೇಕಿಲ್ಲ. ಲಿವರ್‌ಗಳನ್ನ ತೆಗೆಯೋ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದೆ. ಗವರ್ನರ್ ಸ್ಪ್ರಿಂಗ್ ಯಾವ ತೂತಿನಲ್ಲಿದೆ ಅನ್ನೋದು ಮುಖ್ಯ, ತೂತು ಬದಲಾದರೆ ರೇಸಿನ ನಡವಳಿಕೆಯೇ ಬದಲಾಗುತ್ತೆ. ಮುಚ್ಚಳ ಎತ್ತುತ್ತಾ ಶಾಫ್ಟನ್ನ ಕೆಳಗೆ ಒತ್ತಿ ಒಳಗೇ ಬಿಟ್ಟೆ, ಹಾಗಾಗಿ ಸ್ಪ್ರಿಂಗ್ ಕೊಂಡಿ ಕದಲಲಿಲ್ಲ. ಶಾಫ್ಟಿನ ಹಳೇ ಸೀಲ್, ಅಂದರೆ ರಬ್ಬರ್ ಓ ರಿಂಗ್, ಚಪ್ಪಟೆಯಾಗಿ ಉಗುರಿನಷ್ಟು ಗಟ್ಟಿಯಾಗಿತ್ತು. ಹೊಸದು ವೈಟನ್ ರಬ್ಬರಿಂದು, ಡೀಸೆಲ್ ಸವರಿ ಕೂರಿಸಿದೆ. ಸ್ಟಾಪ್ ಶಾಫ್ಟಿನದೂ ಗ್ಯಾಸ್ಕೆಟ್ಟೂ ಜೊತೆಗೇ ಬದಲಾಯಿಸಿದೆ. ಸೀಲ್ ಮಾಡಿದ ಮ್ಯಾಕ್ಸಿಮಮ್ ಸ್ಪೀಡ್ ಸ್ಕ್ರೂ ಮುಟ್ಟಲಿಲ್ಲ.

ಆಮೇಲೆ ಫಿಲ್ಟರ್, ಪಂಪಿನ ಬದಿಯ ಸ್ಕ್ರೂ, ಮುಚ್ಚಳದ ಸ್ಕ್ರೂ, ಕೊನೆಗೆ ಇಂಜೆಕ್ಟರ್ ನಟ್, ಈ ಕ್ರಮದಲ್ಲಿ ಸಡಿಲಿಸಿ ಡೀಸೆಲ್ ದಾರೀಲಿ ಸೇರಿದ್ದ ಏರ್ ತೆಗೆದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ಪೈಪ್ ಬಿಚ್ಚಿ, ತಮ್ಮನ ಕೈಗೆ ದಪ್ಪ ಹಲಗೆ ಕೊಟ್ಟು ಪಕ್ಕಕ್ಕೆ ನಿಲ್ಲಿಸಿದ್ದೆ. ಒಳಗಿನ ಕೊಂಡಿ ತಪ್ಪಿದ್ದರೆ ಇಂಜಿನ್ ಹಿಡಿತ ಮೀರಿ ಓಡುತ್ತೆ, ಆಗ ಗಾಳಿ ಮುಚ್ಚೋದೇ ದಾರಿ. ಹಲಗೆ ಬೇಕಾಗಲಿಲ್ಲ. ಸ್ಟಾಪ್ ಎಳೆದ ಕೂಡಲೇ ನಿಂತಿತು.

ರೋಟವೇಟರ್ ಹೊಡೆದ ಮೇಲೂ ಮುಚ್ಚಳ ಒಣಗಿದೆ, ಬೆಳಗ್ಗೆ ಬೇಗ ಹೊತ್ತಿಕೊಳ್ತಿದೆ. ಡಿಪ್‌ಸ್ಟಿಕ್ ನೋಡೋದು ಬಿತ್ತನೆ ಮುಗಿಯೋವರೆಗೂ ಬಿಡಲ್ಲ. ಮಟ್ಟ ಏರಿದ ದಿನ ಪಂಪು ಇಂಜಿನ್ನಿಗೆ ಕೂರೋ ಫ್ಲ್ಯಾಂಜಿನ ಟೈಮಿಂಗ್ ಗುರುತಿನ ಫೋಟೋ ತೆಗೆದು ಪಂಪು ಇಳಿಸೋದು, ಸೀದಾ ದಾವಣಗೆರೆಗೆ.