ಮೂರು ಫೋನು, ನಾಲ್ಕು ದೇಶ

ಮಿಲಾನ್‌ನಿಂದ ವಿಯೆನ್ನಾಗೆ ವಿಮಾನದಲ್ಲಿ ಬೇಗ ಹೋಗಬಹುದಿತ್ತು. ಆದರೆ ಆಲ್ಪ್ಸ್ ನೋಡಬೇಕು ಅನ್ನೋದು ಅಕ್ಕನ ಆಸೆ. ನಡುವೆ ಜ್ಯೂರಿಕ್‌ನಲ್ಲಿ ಇಳಿದು ಸರೋವರದ ದಂಡೆಯಲ್ಲಿ ಸುತ್ತಬೇಕು ಅನ್ನೋದು ಅವಳ ಮಗನ ಆಸೆ. ಹಾಗಾಗಿ ರೈಲು. ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕಿತ್ತು.

ಟಿಕೆಟು, ಹೋಟೆಲು ಎಲ್ಲಕ್ಕೂ ಬೇಗ ಒಪ್ಪಂದವಾಯಿತು. ಫೋನಿನ ಡೇಟಾ ವಿಷಯಕ್ಕೆ ಮಾತ್ರ ಆಗಲಿಲ್ಲ. ಕೊನೆಗೆ ಒಬ್ಬೊಬ್ಬರದು ಒಂದೊಂದು ದಾರಿ. ಅಕ್ಕ ತನ್ನ ಮಾಮೂಲಿ ನಂಬರಿಗೇ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸಿದಳು. ನಾನು ಯುರೋಪಿನ ಹಲವು ದೇಶಗಳಲ್ಲಿ ನಡೆಯುವ ಒಂದು ಇ-ಸಿಮ್, ಅಂದರೆ ಕಾರ್ಡ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್, ತಗೊಂಡೆ. ಅಕ್ಕನ ಮಗ, "ಅಲ್ಲೇ ಇಳಿದು ಲೋಕಲ್ ಸಿಮ್ ತಗೋತೀನಿ ಮಾಮ, ಜಿಬಿ ಜಾಸ್ತಿ ಸಿಗುತ್ತೆ" ಅಂದ.

ಇ-ಸಿಮ್ ಕೆಲಸ ಹೊರಡುವ ಮುಂಚೆ ಮನೆಯಲ್ಲೇ ಮುಗಿಸಿದ್ದೆ. ಅದನ್ನು ಫೋನಿಗೆ ಇಳಿಸಿಕೊಳ್ಳೋಕೇ ಇಂಟರ್‌ನೆಟ್ ಬೇಕು, ಅಲ್ವಾ? ಪರದೇಶದಲ್ಲಿ ಇಳಿದ ಮೇಲೆ ನೆಟ್ ಇಲ್ಲದೆ ನೆಟ್ ಹಾಕಿಸಿಕೊಳ್ಳೋದು ಕಷ್ಟ. ಮೊದಲು *#06# ಒತ್ತಿ ನೋಡಿದೆ. ಫೋನಿನ ಗುರುತಿನ ಸಂಖ್ಯೆ ಐಎಂಇಐ ಜೊತೆಗೆ ಇಐಡಿ ಅಂತ 32 ಅಂಕಿಯ ಒಂದು ಸಂಖ್ಯೆ ಬಂತು. ಅದು ಬಂದರೆ ಫೋನಿನಲ್ಲಿ ಇ-ಸಿಮ್ ಚಿಪ್ ಇದೆ ಅಂತ. ಫೋನು ಯಾವುದೋ ಒಂದು ಕಂಪನಿಗೆ ಲಾಕ್ ಆಗಿದ್ದರೆ ಚಿಪ್ ಇದ್ದೂ ಉಪಯೋಗವಿಲ್ಲ, ಅದನ್ನೂ ನೋಡಿಕೊಳ್ಳಬೇಕು. ಆಮೇಲೆ ಮೇಲ್‌ನಲ್ಲಿ ಬಂದ ಕ್ಯೂಆರ್ ಕೋಡನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಫೋನಿನಿಂದ ಸ್ಕ್ಯಾನ್ ಮಾಡಿದೆ. ಈ ಕೋಡು ಸಾಮಾನ್ಯವಾಗಿ ಒಂದೇ ಸಲಕ್ಕೆ. ಹೀಗೆ ಇಳಿಸಿಕೊಂಡ ಇ-ಸಿಮ್ಮನ್ನು, ಅಂದರೆ ಅದರ ಪ್ರೊಫೈಲನ್ನು, ಗೊತ್ತಿಲ್ಲದೆ ಅಳಿಸಿಬಿಟ್ಟರೆ ಮತ್ತೆ ಕಸ್ಟಮರ್ ಕೇರ್ ಬಾಗಿಲು ತಟ್ಟಬೇಕು. ಕೆಲವು ಪ್ಲಾನುಗಳಲ್ಲಿ ಇನ್‌ಸ್ಟಾಲ್ ಮಾಡಿದ ಕ್ಷಣದಿಂದಲೇ ದಿನ ಎಣಿಸೋಕೆ ಶುರು. ನನ್ನದು ಅಲ್ಲಿನ ನೆಟ್‌ವರ್ಕ್ ಹಿಡಿದ ಮೇಲೆ ಶುರುವಾಗುವಂಥದ್ದು. ಅದನ್ನು ನೋಡಿಯೇ ತಗೊಂಡಿದ್ದೆ.

ಮಿಲಾನ್ ಹೊರವಲಯದ ಮಾಲ್ಪೆನ್ಸಾ ವಿಮಾನ ನಿಲ್ದಾಣದಲ್ಲಿ ಏರೋಪ್ಲೇನ್ ಮೋಡ್ ತೆಗೆದ ತಕ್ಷಣ ಅಕ್ಕನ ಫೋನು ಟಣ್ ಟಣ್ ಅಂತ ಶುರುಮಾಡಿತು. ಸ್ವಾಗತದ ಮೆಸೇಜು, ಪ್ಯಾಕ್ ಶುರುವಾದ ಮೆಸೇಜು. ನಾನು ಸೆಟ್ಟಿಂಗ್ಸ್‌ಗೆ ಹೋಗಿ ನನ್ನ ಹಳೇ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇದೆಯಾ ಅಂತ ನೋಡಿ, ಇ-ಸಿಮ್ಮಿನದನ್ನು ಆನ್ ಮಾಡಿದೆ. ಇಲ್ಲೇ ಬಹಳ ಜನ ತಡವರಿಸೋದು. ರೋಮಿಂಗ್ ಅಂದ ಕೂಡಲೇ ಬಿಲ್ ನೆನಪಾಗಿ ಎರಡನ್ನೂ ಆಫ್ ಮಾಡಿ, ಇ-ಸಿಮ್ ಕೆಟ್ಟಿದೆ ಅಂತ ಬೈತಾರೆ. ಪ್ರವಾಸಿಗಳ ಇ-ಸಿಮ್ ಸಾಮಾನ್ಯವಾಗಿ ಇನ್ಯಾವುದೋ ದೇಶದ ಕಂಪನಿಯದು. ಇಳಿದ ದೇಶದಲ್ಲಿ ಅದೂ ಅತಿಥಿಯೇ, ಅದಕ್ಕೂ ರೋಮಿಂಗ್ ಬೇಕೇ ಬೇಕು. ಒಂದು ಸಿಮ್ಮಿನ ಸಿಗ್ನಲ್ ಹೋದರೆ ಇನ್ನೊಂದರಿಂದ ಡೇಟಾ ತಗೊಳ್ಳುವ ಆಯ್ಕೆ ಇರುತ್ತಲ್ಲ, ಅದನ್ನು ಮಾತ್ರ ಆಫ್ ಮಾಡಿಡಬೇಕು.

ಅಕ್ಕನ ಮಗ ಸಿಮ್ ಕೌಂಟರಿನ ಸಾಲಿನಲ್ಲಿ ನಿಂತ. ಇಟಲಿಯಲ್ಲಿ ಗುರುತಿನ ಚೀಟಿ ಇಲ್ಲದೆ ಸಿಮ್ ಕೊಡಲ್ಲ. ಪಾಸ್‌ಪೋರ್ಟ್ ಜೊತೆಗೆ ಕೋಡಿಚೆ ಫಿಸ್ಕಾಲೆ ಅನ್ನುವ 16 ಅಕ್ಷರದ ತೆರಿಗೆ ಕೋಡೂ ಬೇಕಂತೆ. ಪ್ರವಾಸಿಗೆ ಅದೆಲ್ಲಿಂದ ಬರಬೇಕು? ಕೌಂಟರಿನ ಹುಡುಗಿಯೇ ಹೆಸರು, ಹುಟ್ಟಿದ ದಿನ, ಹುಟ್ಟಿದ ದೇಶ ಹಾಕಿ ಕಂಪ್ಯೂಟರಿನಲ್ಲಿ ಕೋಡ್ ತಯಾರಿಸಿ ಕೊಟ್ಟಳು. ಅಷ್ಟಾದರೂ ಸಿಮ್ ಚಾಲೂ ಆಗಿದ್ದು ನಾವು ಹೋಟೆಲ್ ಸೇರಿ ಎಷ್ಟೋ ಹೊತ್ತಿನ ಮೇಲೆ.

ಚಾಲೂ ಆದ ಮೇಲೆ ಮಾತ್ರ ಹುಡುಗ ಮೆರೆದ. ಮಿಲಾನ್‌ನಲ್ಲಿ ಇದ್ದಷ್ಟೂ ಹೊತ್ತು ಅವನ ಫೋನಿಗೆ ಸಾಟಿ ಇರಲಿಲ್ಲ. ಮ್ಯಾಪ್ ಹಾಗೆ ತೆರೆದು ಹೀಗೆ ತೋರಿಸೋದು. ಅಕ್ಕನ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದರೂ ಒಂದೊಂದು ಪುಟ ತೆರೆಯೋಕೂ ಯೋಚನೆ ಮಾಡುತ್ತಿತ್ತು. ಕಾರಣ ಇಷ್ಟೇ: ರೋಮಿಂಗ್ ಸಿಮ್ಮಿನ ಡೇಟಾ ಸಾಮಾನ್ಯವಾಗಿ ಅಲ್ಲಿಂದಲೇ ಇಂಟರ್‌ನೆಟ್ಟಿಗೆ ಹೋಗಲ್ಲ. ಮೊದಲು ಸಿಮ್ ಕೊಟ್ಟ ದೇಶಕ್ಕೆ ಹೋಗಿ, ಅಲ್ಲಿಂದ ಹೊರಬಿದ್ದು, ಅದೇ ದಾರಿಯಲ್ಲಿ ವಾಪಸ್ ಬರಬೇಕು. ನನ್ನದರ ಕಥೆ ಇನ್ನೂ ತಮಾಷೆ. ರೈಲಿನ ವೇಳಾಪಟ್ಟಿ ನೋಡೋಣ ಅಂತ ತೆರೆದರೆ ಜಾಹೀರಾತೆಲ್ಲ ಪೋಲಿಷ್ ಭಾಷೆಯಲ್ಲಿ! ನನ್ನ ಇ-ಸಿಮ್ ಪೋಲೆಂಡಿನಲ್ಲಿ ಇಂಟರ್‌ನೆಟ್ಟಿಗೆ ಸೇರುತ್ತಿತ್ತು, ಜಾಲತಾಣಗಳ ಲೆಕ್ಕದಲ್ಲಿ ನಾನು ಅಲ್ಲೇ ಇದ್ದೆ.

ಜ್ಯೂರಿಕ್ ರೈಲು ಕೋಮೊ ನಿಲ್ದಾಣ ದಾಟಿ ಒಂದು ಸುರಂಗ ಹೊಕ್ಕಿತು. ಹೊರಗೆ ಬಂದಾಗ ಕಿಯಾಸ್ಸೊ, ಸ್ವಿಟ್ಜರ್‌ಲ್ಯಾಂಡ್. ನಿಲ್ದಾಣದ ಫಲಕ ಇಟಾಲಿಯನ್‌ನಲ್ಲೇ ಇದೆ, ಜನ ಮಾತಾಡೋದೂ ಇಟಾಲಿಯನ್ನೇ. ಆದರೆ ಹುಡುಗನ ಫೋನಿನಲ್ಲಿ ಡೇಟಾ ನಿಂತೇಹೋಯಿತು.

"ಮಾಮ, ಯುರೋಪ್ ಪೂರ್ತಿ ನಡೆಯುತ್ತೆ ಅಂದಿದ್ರಲ್ಲ?"

ನಡೆಯೋದು ಯುರೋಪಿಯನ್ ಒಕ್ಕೂಟದಲ್ಲಿ. 2017ರ ಜೂನ್ 15ರಿಂದ ಒಕ್ಕೂಟದ ಯಾವುದೇ ದೇಶದ ಸಿಮ್ಮನ್ನು ಒಕ್ಕೂಟದ ಇನ್ನೊಂದು ದೇಶದಲ್ಲಿ ಸಿಮ್ ಕೊಟ್ಟ ದೇಶದ ದರದಲ್ಲೇ ಬಳಸಬಹುದು. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಕೂಡ ಈ ಏರ್ಪಾಡಿನಲ್ಲಿವೆ. ಸ್ವಿಟ್ಜರ್‌ಲ್ಯಾಂಡ್ ಇಲ್ಲ. ಒಕ್ಕೂಟ ಬಿಟ್ಟ ಬ್ರಿಟನ್‌ಗೂ ಈ ನಿಯಮ ಈಗ ಅನ್ವಯಿಸಲ್ಲ. ಕೆಲವು ಕಂಪನಿಗಳು ತಾವಾಗೇ ಈ ದೇಶಗಳನ್ನೂ ಪ್ಲಾನಿಗೆ ಸೇರಿಸಿರುತ್ತವೆ, ಇವನದ್ದರಲ್ಲಿ ಇರಲಿಲ್ಲ. ಪ್ಯಾಕೆಟ್ಟಿನ ಮೇಲೆ ಯುರೋಪ್ ಅಂತ ದಪ್ಪಕ್ಷರದಲ್ಲಿದ್ದರೆ ಸಾಲದು, ಒಳಗಿನ ದೇಶಗಳ ಪಟ್ಟಿಯನ್ನು ನಮ್ಮ ದಾರಿಯ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ನನ್ನ ಪ್ರಕಾರ ಎಷ್ಟು ಜಿಬಿ, ಎಷ್ಟು ದುಡ್ಡು ಅನ್ನೋದೆಲ್ಲ ಅದಾದ ಮೇಲಿನ ಮಾತು. ನನ್ನ ಪಟ್ಟಿಯಲ್ಲಿ ಸ್ವಿಟ್ಜರ್‌ಲ್ಯಾಂಡ್ ಇತ್ತು. ಹಾಟ್‌ಸ್ಪಾಟ್ ಆನ್ ಮಾಡಿ ಅವನಿಗೂ ಕೊಟ್ಟೆ. ಅನ್‌ಲಿಮಿಟೆಡ್ ಅಂತ ಮಾರುವ ಕೆಲವು ಇ-ಸಿಮ್‌ಗಳಲ್ಲಿ ಹಾಟ್‌ಸ್ಪಾಟಿಗೇ ಮಿತಿ ಇರುತ್ತೆ, ಅದೂ ಸಣ್ಣಕ್ಷರದಲ್ಲಿ.

ಲುಗಾನೊ, ಬೆಲಿಂಜೋನ ಕಳೆದು 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗ. 2016ರಲ್ಲಿ ತೆರೆದದ್ದು. ಆಲ್ಪ್ಸ್ ನೋಡೋಕೆ ಬಂದು ಆಲ್ಪ್ಸ್ ಹೊಟ್ಟೆಯೊಳಗೆ ಕೂತಿದ್ದೀವಿ ಅಂತ ಅಕ್ಕ ಗೊಣಗಿದಳು.

ಜ್ಯೂರಿಕ್‌ನಲ್ಲಿ ಅಕ್ಕನ ಸರದಿ. ಮುಂದಿನ ರೈಲಿಗೆ ಸೀಟು ಕಾದಿರಿಸಬೇಕು. ಕಾರ್ಡ್ ನಂಬರ್ ಹಾಕಿದರೆ ಬ್ಯಾಂಕಿನ ಒಟಿಪಿ ಬೇಕು. ಹುಡುಗ ತನ್ನ ಹಳೇ ಸಿಮ್ ತೆಗೆದು ಪಾಸ್‌ಪೋರ್ಟ್ ಕವರಿನೊಳಗೆ ಇಟ್ಟಿದ್ದ. ನನ್ನ ಇ-ಸಿಮ್ ಡೇಟಾ ಮಾತ್ರದ್ದು, ಅದಕ್ಕೆ ನಂಬರೇ ಇಲ್ಲ. ಹಳೇ ಸಿಮ್ ಫೋನಿನಲ್ಲೇ ಇತ್ತು, ಆದರೆ ಆ ಹೊತ್ತಿಗೆ ಯಾವ ನೆಟ್‌ವರ್ಕನ್ನೂ ಹಿಡಿಯಲಿಲ್ಲ. ಅಕ್ಕನ ಫೋನಿಗೆ ಒಟಿಪಿ ಸರ್ರಂತ ಬಂತು. "ನನ್ನ ಪ್ಯಾಕು ದುಬಾರಿ ಅಂತ ನಗ್ತಿದ್ರಲ್ಲ, ಈಗ ನಗ್ರಪ್ಪ" ಅಂದಳು. ನ್ಯಾಯವಾದ ಮಾತೇ. ಡೇಟಾ ಎಲ್ಲಿಂದಾದರೂ ತಗೊಳ್ಳಿ, ಬ್ಯಾಂಕಿಗೆ ಕೊಟ್ಟ ನಂಬರ್ ಮಾತ್ರ ಉಸಿರಾಡುತ್ತಿರಬೇಕು. ಆ ಸಿಮ್ಮಿಗೆ ರೋಮಿಂಗ್ ಸೇವೆ ಚಾಲೂ ಇದೆಯಾ ಅಂತ ಹೊರಡುವ ಮುಂಚೆಯೇ ಕೇಳಿಕೊಳ್ಳಬೇಕು.

ಜ್ಯೂರಿಕ್‌ನಿಂದ ಆಸ್ಟ್ರಿಯಾ ಕಡೆಗಿನ ದಾರಿ ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟವಾದದ್ದು. ಎಡಗಡೆ ಜ್ಯೂರಿಕ್ ಸರೋವರ, ಅದು ಮುಗಿಯಿತು ಅನ್ನುವಷ್ಟರಲ್ಲಿ ವಾಲೆನ್ ಸರೋವರ. ಆಚೆ ದಡದಲ್ಲಿ ನೀರಿನಿಂದಲೇ ಎದ್ದು ನಿಂತಂತಿರುವ ಕಲ್ಲಿನ ಗೋಡೆ. ಅಕ್ಕನ ಗೊಣಗಾಟ ಅಲ್ಲಿಗೆ ಬಂದ್. ಬುಕ್ಸ್ ನಿಲ್ದಾಣ ಬಿಟ್ಟು ರೈನ್ ನದಿ ದಾಟಿದರೆ ಲಿಕ್ಟೆನ್‌ಸ್ಟೈನ್. ಇಲ್ಲಿ ಹಳಿ ಇರೋದು ಹತ್ತು ಕಿಲೋಮೀಟರಿಗಿಂತ ಕಡಿಮೆ. ಹುಡುಗ ಫೋನ್ ಕೈಯಲ್ಲಿ ಹಿಡಿದೇ ಕೂತಿದ್ದ. ಪ್ರತಿಯೊಂದು ಟವರೂ ತಾನು ಯಾವ ದೇಶದ್ದು ಅಂತ ಮೂರಂಕಿಯ ಕೋಡ್ ಸಾರುತ್ತಿರುತ್ತೆ: ಇಟಲಿಗೆ 222, ಸ್ವಿಟ್ಜರ್‌ಲ್ಯಾಂಡಿಗೆ 228, ಲಿಕ್ಟೆನ್‌ಸ್ಟೈನಿಗೆ 295, ಆಸ್ಟ್ರಿಯಾಗೆ 232. ಫೋನಿಗೆ ಗಡಿ ಅಂದರೆ ಅಷ್ಟೇ. ನದಿ ದಾಟಿದರೂ ಸ್ವಿಸ್ ಟವರಿನ ಸಿಗ್ನಲ್ ನಮ್ಮ ಬೆನ್ನು ಬಿಡಲಿಲ್ಲ. ಅವನು ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ತೆಗೆದು, ಪಟ್ಟಿಯಿಂದ ಲಿಕ್ಟೆನ್‌ಸ್ಟೈನಿನ ನೆಟ್‌ವರ್ಕನ್ನು ಕೈಯಾರೆ ಆರಿಸಿದ. ಮೆಸೇಜುಗಳು ದಬದಬ ಬಿದ್ದವು. "ಬಂತು!" ಅಂತ ಕೂಗಿದ್ದಕ್ಕೆ ಎದುರು ಸೀಟಿನವರು ತಿರುಗಿ ನೋಡಿದರು. ಅಷ್ಟರಲ್ಲಿ ಫೆಲ್ಡ್‌ಕಿರ್ಖ್, ಆಸ್ಟ್ರಿಯಾ.

ಇನ್ಸ್‌ಬ್ರುಕ್ ಹತ್ತಿರ ಅವನಿಗೆ ಇನ್ನೊಂದು ಮೆಸೇಜ್. ಇಟಲಿಯಲ್ಲಿ ಕೊಟ್ಟಿದ್ದ ರಾಶಿ ಜಿಬಿಯಲ್ಲಿ ಹೊರದೇಶಕ್ಕೆ ಒಂದು ಪಾಲು ಮಾತ್ರ ಅಂತ. ಒಕ್ಕೂಟದ ನಿಯಮದಲ್ಲೇ ಇದಕ್ಕೆ ಅವಕಾಶ ಇದೆ. ಅವನು ಫೋಟೋ ಬ್ಯಾಕಪ್ಪನ್ನು ವೈಫೈಗೆ ಮಾತ್ರ ಅಂತ ಬದಲಾಯಿಸಿ, ಮ್ಯಾಪನ್ನು ಹೋಟೆಲಿನಲ್ಲೇ ಇಳಿಸಿಕೊಳ್ಳೋಕೆ ಶುರುಮಾಡಿದ. ನಿಜ ಹೇಳಬೇಕಂದರೆ ಈ ಎರಡು ಮಾಡಿದರೆ ಸಾಧಾರಣ ಪ್ರವಾಸಿಗೆ ಬಹಳ ಡೇಟಾ ಬೇಕಾಗೋದೇ ಇಲ್ಲ.

ವಿಯೆನ್ನಾದಲ್ಲಿ ಕೂತು ಬುಡಾಪೆಸ್ಟ್ ನೋಡಿ ಅಲ್ಲಿಂದ ಬೆಲ್‌ಗ್ರೇಡ್‌ಗೂ ಹೋಗಿಬಿಡೋಣ ಅಂತ ಮಾತು ಬಂತು. ಹಂಗೇರಿ ಒಕ್ಕೂಟದ ಒಳಗೆ, ಸೆರ್ಬಿಯಾ ಹೊರಗೆ. ನನ್ನ ಪಟ್ಟಿ ತೆಗೆದು ನೋಡಿದೆ, ಸೆರ್ಬಿಯಾ ಇಲ್ಲ. ಹೋಟೆಲಿನ ವೈಫೈನಲ್ಲೇ ಆ ಒಂದು ದೇಶಕ್ಕೆ ಅಂತ ಇನ್ನೊಂದು ಸಣ್ಣ ಇ-ಸಿಮ್ ಇಳಿಸಿಕೊಂಡೆ. ಒಂದು ಫೋನಿನಲ್ಲಿ ಹಲವು ಪ್ರೊಫೈಲ್ ಇಡಬಹುದು, ಬೇಕಾದಾಗ ಬೇಕಾದ್ದನ್ನು ಆನ್ ಮಾಡಿದರಾಯಿತು. ಅಕ್ಕ ಕನ್ನಡಕ ಹಾಕಿಕೊಂಡು ತನ್ನ ಪ್ಯಾಕಿನ ಪಟ್ಟಿ ಓದುತ್ತಿದ್ದಳು. ಮಗ ಅವಳ ಹೆಗಲ ಮೇಲಿಂದ ಬಗ್ಗಿ, "ಅಮ್ಮ, ಎಸ್ ಕೆಳಗೆ ನೋಡು" ಅಂತಿದ್ದ.