ಅಪರೂಪದ ಲಿವರ್ ರೈಫಲ್: ಯಾವುದನ್ನು ಕೊಳ್ಳಲಿ?

"ಎಲ್ಲರ ಕೈಯಲ್ಲೂ ಇರುವ ವಿಂಚೆಸ್ಟರ್ 94 ಬೇಡ, ಮಾರ್ಲಿನ್ 336 ಬೇಡ. ಲಿವರ್ ರೈಫಲೇ ಬೇಕು, ಆದರೆ ಸ್ವಲ್ಪ ಅಪರೂಪದ್ದು ಬೇಕು. ಸಾವೇಜ್ 99 ಒಳ್ಳೆಯದೋ, ವಿಂಚೆಸ್ಟರ್ 88 ಒಳ್ಳೆಯದೋ, ಬ್ರೌನಿಂಗ್ ಬಿಎಲ್‌ಆರ್ ಒಳ್ಳೆಯದೋ?" ನಾನು ಬೇಟೆಯ ಬಂದೂಕುಗಳ ಬಗ್ಗೆ ಬರೆಯುತ್ತೇನೆಂದು ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದೇ ಬರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಮ್ಮೆ ಇಲ್ಲಿ ಬರೆದುಬಿಡುತ್ತೇನೆ. ಲಿವರ್ ರೈಫಲ್ ಎಂದರೆ ಟ್ರಿಗರ್ ಸುತ್ತಲಿನ ಸನ್ನೆಯನ್ನು ಕೆಳಗೆಳೆದು ಮೇಲೆತ್ತಿ ಮುಂದಿನ ತೋಟಾ ತುಂಬುವ ಬಂದೂಕು.

ಚಿಕ್ಕ ಉತ್ತರ ಸಾಕೆನ್ನುವವರಿಗೆ: ಕಾಡಿಗೆ ಒಯ್ದು ದುಡಿಸುವುದಾದರೆ .308 ತೋಟಾದ ಬಿಎಲ್‌ಆರ್. ಕೈಗೆತ್ತಿಕೊಂಡಾಗಲೆಲ್ಲ ಖುಷಿಯಾಗಬೇಕು ಎಂದರೆ .300 ಸಾವೇಜ್ ತೋಟಾದ ಸಾವೇಜ್ 99. ಇಷ್ಟಕ್ಕೇ ಸುಮ್ಮನಾದವರನ್ನು ನಾನು ಇನ್ನೂ ಕಂಡಿಲ್ಲ. "ಯಾಕೆ?" ಎಂದು ಕೇಳುತ್ತಾರೆ, ಕೇಳಲೇಬೇಕು. ನನ್ನ ಕಾರಣ ಬಹಳ ನೀರಸವಾದದ್ದು. ಬಂದೂಕು ಅಪರೂಪವಾದರೆ ಅದರ ಮ್ಯಾಗಜೀನ್ (ತೋಟಾ ತುಂಬಿಡುವ ಭಾಗ) ಅಪರೂಪ, ಸ್ಪ್ರಿಂಗ್ ಅಪರೂಪ, ಎಷ್ಟೋ ಸಲ ತೋಟಾವೂ ಅಪರೂಪ. ಇದನ್ನು ಬದಿಗಿಟ್ಟು ಅಂದಚೆಂದ, ಹೆಸರು, ಹಳಮೆ ಅಂತ ಹೋಲಿಕೆಗೆ ಕೂತರೆ, ಕೊನೆಗೆ ಕೈಗೆ ಬರುವುದು ಗೋಡೆಗೆ ತೂಗುಹಾಕುವ ವಸ್ತು.

ಈ ರೈಫಲ್‌ಗಳೆಲ್ಲ ಹುಟ್ಟಿದ್ದು ಒಂದೇ ತೊಡಕಿನಿಂದ ಎಂಬುದನ್ನು ಅರ್ಥ ಮಾಡಿಕೊಂಡರೆ ಹೋಲಿಕೆ ಅರ್ಧ ಮುಗಿದಂತೆ. ವಿಂಚೆಸ್ಟರ್ 94ರಂಥ ಸಾಮಾನ್ಯ ಲಿವರ್ ರೈಫಲ್‌ನಲ್ಲಿ ನಳಿಕೆಯ ಕೆಳಗೆ ಒಂದು ಕೊಳವೆ ಇರುತ್ತದೆ. ತೋಟಾಗಳು ಅದರಲ್ಲಿ ಒಂದರ ಹಿಂದೊಂದು ಸಾಲಾಗಿ ಕೂರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನದರ ಪ್ರೈಮರ್‌ಗೆ, ಅಂದರೆ ಕುಟ್ಟಿದರೆ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಬುಡದ ಪುಟ್ಟ ಬಟ್ಟಲಿಗೆ, ತಾಗಿಕೊಂಡಿರುತ್ತದೆ. ಗುಂಡು ಚೂಪಾಗಿದ್ದರೆ, ಬಂದೂಕು ಒದ್ದಾಗ ಆ ಚೂಪು ಪ್ರೈಮರ್ ಅನ್ನು ಕುಟ್ಟಿ, ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂತಿಯ ಗುಂಡುಗಳನ್ನೇ ಬಳಸಬೇಕಾಯಿತು. ಅಂಥ ಗುಂಡು ಗಾಳಿಯನ್ನು ಸೀಳುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ. ದೂರ ಹೆಚ್ಚಿದಂತೆ ವೇಗ ಬೇಗ ಇಳಿಯುತ್ತದೆ. ಚೂಪಾಗಿದ್ದರೂ ಕೊಳವೆಯಲ್ಲಿ ತುಂಬಬಹುದಾದ, ಮೆತ್ತನೆಯ ಪಾಲಿಮರ್ ತುದಿಯ ಗುಂಡುಗಳನ್ನು ಹಾರ್ನಡಿ ಕಂಪನಿ ತಂದದ್ದು 2006ರಲ್ಲಿ. ಅದಕ್ಕೂ ನೂರು ವರ್ಷ ಮುಂಚಿನಿಂದ, ಲಿವರ್ ಬಿಡದೆ ಚೂಪು ಗುಂಡು ಹಾರಿಸುವುದು ಹೇಗೆ ಎಂದು ಬೇರೆಬೇರೆ ಕಾರ್ಖಾನೆಗಳು ತಲೆ ಕೆಡಿಸಿಕೊಂಡಿದ್ದವು. ನಾವು ಇವತ್ತು ಹುಡುಕುವ ಅಪರೂಪದ ರೈಫಲ್‌ಗಳಲ್ಲಿ ಹೆಚ್ಚಿನವು ಆ ಒಂದು ಪ್ರಶ್ನೆಗೆ ಕೊಟ್ಟ ಬೇರೆಬೇರೆ ಉತ್ತರಗಳು.

ಅವುಗಳಲ್ಲಿ ನನಗೆ ತೀರಾ ಜಾಣತನದ್ದು ಎನಿಸುವುದು ಆರ್ಥರ್ ಸಾವೇಜ್ ಕಂಡುಕೊಂಡ ಉತ್ತರ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಈ ಮನುಷ್ಯ ಕೊಳವೆಯನ್ನೇ ಕಿತ್ತೆಸೆದು, ರೈಫಲ್‌ನ ಹೊಟ್ಟೆಯೊಳಗೆ ತಿರುಗುವ ಉರುಳೆಯೊಂದನ್ನು ಕೂರಿಸಿದ. ಉರುಳೆಯ ಸುತ್ತ ತೋಡಿದ ಒಂದೊಂದು ಕಾಲುವೆಯಲ್ಲಿ ಒಂದೊಂದು ತೋಟಾ ಮಲಗುತ್ತದೆ. ಯಾವ ಗುಂಡಿನ ಮೂತಿಯೂ ಇನ್ನೊಂದರ ಪ್ರೈಮರ್ ಮುಟ್ಟುವುದಿಲ್ಲ. ಹೊರಗೆ ಕುಟ್ಟುವ ಸುತ್ತಿಗೆಯೂ ಇಲ್ಲ, ಎಲ್ಲ ಒಳಗೇ. ಹಳೆಯ 99ರ ಎಡಮಗ್ಗುಲಲ್ಲಿ ಒಂದು ಪುಟ್ಟ ಕಿಂಡಿ ಇದೆ. ಅದರೊಳಗೆ ಹಿತ್ತಾಳೆಯ ಮೇಲೆ ಕೊರೆದ ಅಂಕಿ ಕಾಣುತ್ತದೆ: ಉರುಳೆಯಲ್ಲಿ ಇನ್ನೆಷ್ಟು ತೋಟಾ ಉಳಿದಿವೆ ಎಂಬ ಲೆಕ್ಕ. ಒಂದು ತೋಟಾವನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದರೆ ಉರುಳೆ ಮೃದುವಾಗಿ ಹೊರಳಿ, ಅಂಕಿ ಬದಲಾಗುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿದವರು ಬೇರೆ ರೈಫಲ್‌ಗಳ ಮಾತನ್ನು ಅರ್ಧ ಕಿವಿಯಲ್ಲಿ ಕೇಳುತ್ತಾರೆ.

1899ರಲ್ಲಿ ಶುರುವಾದ ಈ ಮಾದರಿ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಸುಮಾರು ಒಂದು ಶತಮಾನ ತಯಾರಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಬಂದೂಕುಗಳು ಹೊರಬಂದಿವೆ. ಹಾಗಾಗಿ ಬರೀ '99' ಅಪರೂಪವೇನಲ್ಲ. ಯಾವ ತೋಟಾದ್ದು, ಯಾವ ಕಾಲದ್ದು ಎಂಬುದರಲ್ಲಿ ಅಪರೂಪ ಇರುತ್ತದೆ. ಚಾರ್ಲ್ಸ್ ನ್ಯೂಟನ್ ವಿನ್ಯಾಸ ಮಾಡಿದ .250-3000 ತೋಟಾ 1915ರಲ್ಲಿ ಬಂತು. 87 ಗ್ರೇನ್‌ನ (ಗ್ರೇನ್ ಎಂದರೆ ಗುಂಡಿನ ತೂಕದ ಪುಟ್ಟ ಅಳತೆ) ಹಗುರ ಗುಂಡನ್ನು ಸೆಕೆಂಡಿಗೆ 3000 ಅಡಿ ವೇಗದಲ್ಲಿ ಹಾರಿಸುತ್ತೇವೆ ಎಂಬ ಜಾಹೀರಾತು ಅದರ ಹೆಸರಿನಲ್ಲೇ ಇದೆ. ಆ ಕಾಲದ ನಳಿಕೆಗಳೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ನಿಧಾನ: 14 ಇಂಚಿಗೆ ಒಂದು ಸುತ್ತು. ಇವತ್ತಿನ ಭಾರದ, ಉದ್ದನೆಯ ಗುಂಡು ತುಂಬಿದರೆ ಅದು ಸರಿಯಾಗಿ ತಿರುಗದೆ ಗುರಿಹಲಗೆಯ ಮೇಲೆ ಚೆಲ್ಲಾಪಿಲ್ಲಿಯಾಗುತ್ತದೆ. ಬೈಗುಳ ಮಾತ್ರ ಬಂದೂಕಿಗೆ. 1920ರ .300 ಸಾವೇಜ್ ಇದಕ್ಕಿಂತ ದುಡಿಮೆಗಾರ. ಮುಂದೆ ಅಮೆರಿಕದ ಸೈನ್ಯ 7.62 ನ್ಯಾಟೊ ತೋಟಾವನ್ನು ರೂಪಿಸಲು ಹೊರಟಾಗ ಇದನ್ನೇ ಆರಂಭದ ಮಾದರಿಯಾಗಿ ಇಟ್ಟುಕೊಂಡಿತ್ತು. ಜಿಂಕೆಗೆ ಇದು ಧಾರಾಳ ಸಾಕು.

ಒಂದು ಎಚ್ಚರಿಕೆ. ನಳಿಕೆಯ ಮೇಲೆ ".303 ಸಾವೇಜ್" ಎಂದಿದ್ದರೆ ಅದು .303 ಬ್ರಿಟಿಷ್ ಅಲ್ಲ. ಎರಡಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ; ಒಂದರ ತೋಟಾ ಇನ್ನೊಂದಕ್ಕೆ ಹಾಕುವಂತಿಲ್ಲ. ಅಂಗಡಿಯ ಕಪಾಟಿನಲ್ಲಿ .303 ಸಾವೇಜ್ ಕಾಣುವುದೇ ವಿರಳ. ತೋಟಾಗಳನ್ನು ಮನೆಯಲ್ಲಿ ಮರುಭರ್ತಿ ಮಾಡಿಕೊಳ್ಳುವ ಅಭ್ಯಾಸ ಇಲ್ಲದವರು ಆ ಬಂದೂಕು ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಂದೆ ಸಾಗುವುದು ಒಳ್ಳೆಯದು.

99 ನೋಡಲು ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಮರದ ಹಿಡಿ ಉಕ್ಕಿಗೆ ಸೇರುವ ಜಾಗಕ್ಕೆ. ಲೋಹದ ನಾಲಿಗೆ ಮರದೊಳಗೆ ಹೊಕ್ಕುವಲ್ಲಿ, ವರ್ಷಗಟ್ಟಲೆ ಒದೆತ ತಿಂದ ಮರ ಕೂದಲೆಳೆಯಷ್ಟು ಸೀಳಿರುತ್ತದೆ. ಮಾರುವವರ ಫೋಟೋದಲ್ಲಿ ಈ ಭಾಗ ಸದಾ ನೆರಳಿನಲ್ಲೇ ಇರುತ್ತದೆ, ಏಕೋ ಗೊತ್ತಿಲ್ಲ! ಆಮೇಲೆ ನೆತ್ತಿ. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಕೂರಿಸಲು ಹಳೆಯ ರೈಫಲ್‌ಗೆ ಯಾರೋ ಮನೆಯಲ್ಲೇ ತೂತು ಕೊರೆದಿದ್ದರೆ ಸಂಗ್ರಹಕಾರರ ದೃಷ್ಟಿಯಲ್ಲಿ ಅದರ ಬೆಲೆ ಕುಸಿಯುತ್ತದೆ. ಬೇಟೆಗಾರನಿಗೆ ಇದು ಸುದಿನ. ಗುಂಡು ಹಾರಿಸಲು ಅಡ್ಡಿಯಿಲ್ಲದ ಬಂದೂಕು ಕಡಿಮೆ ದುಡ್ಡಿಗೆ ಸಿಗುತ್ತದೆ. ಇನ್ನು 99ರ ಒಂದು ಹುಟ್ಟುಗುಣ: ತೋಟಾವನ್ನು ನಳಿಕೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು, ಅಂದರೆ ಅದರ ಬೋಲ್ಟ್, ಹಿಂಬದಿಯಲ್ಲಿ ಮೇಲೆದ್ದು ಉಕ್ಕಿನ ಗೋಡೆಗೆ ಒರಗಿ ಬೀಗ ಬೀಳುತ್ತದೆ. ಹೀಗಾಗಿ ಗುಂಡು ಹಾರುವಾಗ ಇಡೀ ಬೋಲ್ಟ್ ತುಸು ಅದುಮಿಕೊಳ್ಳುತ್ತದೆ, ತೋಟಾದ ಹಿತ್ತಾಳೆಯ ಕೋಶ ತುಸು ಹಿಗ್ಗುತ್ತದೆ. ಕಾರ್ಖಾನೆಯ ತೋಟಾ ಬಳಸುವವರಿಗೆ ಇದು ಗೊತ್ತೂ ಆಗುವುದಿಲ್ಲ. ಮರುಭರ್ತಿ ಮಾಡುವವರು ಕೋಶಗಳ ಬುಡ ನೋಡಿಕೊಳ್ಳುತ್ತಿರಬೇಕು.

ವಿಂಚೆಸ್ಟರ್ 88ರದ್ದು ಬೇರೆಯೇ ಜಾತಿ. 1955ರಲ್ಲಿ ಬಂದು 1973ರಲ್ಲಿ ನಿಂತುಹೋಯಿತು. ದೂರದಿಂದ ನೋಡಿದರೆ ಬೋಲ್ಟ್ ಅನ್ನು ಕೈಯಿಂದಲೇ ಎಳೆಯುವ ಬೋಲ್ಟ್ ರೈಫಲ್ ಎಂದೇ ಅನ್ನಿಸುತ್ತದೆ, ಏಕೆಂದರೆ ಹಿಂದಿನ ಹಿಡಿಯಿಂದ ನಳಿಕೆಯ ಕೆಳಗಿನವರೆಗೆ ಮರ ಒಂದೇ ತುಂಡು. ಒಳಗೆ ತಿರುಗುವ ಬೋಲ್ಟ್, ಮುಂಭಾಗದಲ್ಲೇ ಬೀಗ ಬೀಳುವ ಮೂರು ಹಲ್ಲು, ಕೆಳಗೆ ಕಳಚುವ ಮ್ಯಾಗಜೀನ್. .308 ಮತ್ತು .243ರ ಜೊತೆಗೆ .358, ಮತ್ತು 1963ರಿಂದ .284 ವಿಂಚೆಸ್ಟರ್ ತೋಟಾಗಳಿಗೂ ತಯಾರಾಯಿತು. ಕೊನೆಯ ಎರಡಕ್ಕೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. 1964ಕ್ಕಿಂತ ಮುಂಚಿನ ಮರದ ಮೇಲೆ ಕೈಯಿಂದ ಕೆತ್ತಿದಂಥ ಚೌಕುಳಿ ಗೆರೆಗಳಿದ್ದರೆ, ಆಮೇಲಿನವುಗಳಲ್ಲಿ ಬುಟ್ಟಿಯ ಹೆಣಿಗೆಯಂಥ ವಿನ್ಯಾಸವನ್ನು ಯಂತ್ರದಿಂದ ಒತ್ತಿದ್ದಾರೆ. ಎರಡೂ ಒಂದೇ ಥರ ಹಾರುತ್ತವೆ, ಬೆಲೆ ಮಾತ್ರ ಬೇರೆ. 88ನ್ನು ನಾನು ಮೆಚ್ಚುತ್ತೇನೆ, ಶಿಫಾರಸು ಮಾಡುವುದಿಲ್ಲ. ಟ್ರಿಗರ್ ಲಿವರ್‌ಗೆ ಅಂಟಿಕೊಂಡೇ ಕೆಳಗಿಳಿಯುವುದರಿಂದ ಬೋಲ್ಟ್ ರೈಫಲ್‌ನ ಗರಿಗರಿ ಎಳೆತ ನಿರೀಕ್ಷಿಸಬಾರದು. ಒಳಗಿನ ಯಂತ್ರ ಬಿಚ್ಚಿ ಜೋಡಿಸುವುದು ಗೊತ್ತಿರುವ ಕುಶಲಕರ್ಮಿಗಳು ಕಡಿಮೆಯಾಗುತ್ತಿದ್ದಾರೆ. ಮೂಲ ಮ್ಯಾಗಜೀನ್ ಕಳೆದುಹೋದ 88ನ್ನು ಮಾರುವವನು ಅದನ್ನು ಜಾಹೀರಾತಿನ ಕೊನೆಯ ಸಾಲಿನಲ್ಲಿ ಹೇಳಿರುತ್ತಾನೆ. ಅಥವಾ ಹೇಳಿಯೇ ಇರುವುದಿಲ್ಲ.

ಫಿನ್ಲೆಂಡಿನ ಸಾಕೊ ಕಂಪನಿಯ ಫಿನ್‌ವುಲ್ಫ್ ಬಗ್ಗೆಯೂ ಇದೇ ಮಾತು, ಇನ್ನೂ ಗಟ್ಟಿಯಾಗಿ. 1960ರ ದಶಕದ, .243 ಮತ್ತು .308ರ ಸೊಗಸಾದ ರೈಫಲ್. ಕೆಲಸಗಾರಿಕೆ ನೋಡಿದರೆ ಬಾಯಿ ಕಟ್ಟಿಹೋಗುತ್ತದೆ, ಬಿಡಿಭಾಗ ಹುಡುಕಲು ಹೊರಟರೂ ಅಷ್ಟೇ.

ಬಿಎಲ್‌ಆರ್ ಈ ಗುಂಪಿನಲ್ಲಿ ಬದುಕುಳಿದದ್ದು. 1969ರಲ್ಲಿ ಬೆಲ್ಜಿಯಂನಲ್ಲಿ ಶುರುವಾಗಿ, 1970ರ ದಶಕದಲ್ಲಿ ಜಪಾನಿನ ಮಿರೊಕು ಕಾರ್ಖಾನೆಗೆ ಹೋಯಿತು. ಲಿವರ್ ಎಳೆದಾಗ ಹಲ್ಲಿನ ಚಕ್ರಗಳು ಬೋಲ್ಟ್ ಅನ್ನು ಹಿಂದೆ ಸರಿಸುತ್ತವೆ. ಬೋಲ್ಟ್ ತಿರುಗಿ ಮುಂಭಾಗದಲ್ಲೇ ಬೀಗ ಬೀಳುತ್ತದೆ. ಈ ಬಲದಿಂದಾಗಿಯೇ ಅದಕ್ಕೆ .30-06, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂನಂಥ ತೋಟಾಗಳೂ ಒಗ್ಗಿದವು. ಟ್ರಿಗರ್ ಇಲ್ಲಿಯೂ ಲಿವರ್ ಜೊತೆಗೇ ಚಲಿಸುತ್ತದೆ. ಬೆರಳು ಸಿಕ್ಕಿಕೊಳ್ಳುವ ಭಯವಿಲ್ಲ, ಆದರೆ ಎಳೆತ ಒರಟು. ಒಂದೇ ಒಂದು ವಿನಂತಿ: ಕುತೂಹಲಕ್ಕೆ ಇದನ್ನು ಬಿಚ್ಚಬೇಡಿ. ಚಕ್ರದ ಒಂದು ಹಲ್ಲು ತಪ್ಪಿ ಕೂತರೂ ಲಿವರ್ ಮತ್ತು ಬೋಲ್ಟ್‌ನ ತಾಳ ತಪ್ಪುತ್ತದೆ. ಹಳೆಯ ಬಿಎಲ್‌ಆರ್ ಕೊಳ್ಳುವಾಗ ಸ್ಕ್ರೂ ತಲೆಗಳನ್ನು ನೋಡಿ. ಅವು ಹರಿದಿದ್ದರೆ ನಿಮಗಿಂತ ಮುಂಚೆ ಯಾರೋ ಕುತೂಹಲಿ ಒಳಗೆ ಹೋಗಿಬಂದಿದ್ದಾನೆ.

ವಿಂಚೆಸ್ಟರ್ 1895 ಕೇಳುವವರೂ ಇದ್ದಾರೆ. ಜಾನ್ ಬ್ರೌನಿಂಗ್ ವಿನ್ಯಾಸ; ಹೊಟ್ಟೆಯ ಕೆಳಗೆ ಕಳಚಲಾಗದ ಪೆಟ್ಟಿಗೆಯ ಮ್ಯಾಗಜೀನ್. ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದು ಇದರ .405 ತೋಟಾದ ಬಂದೂಕು. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯಕ್ಕೆಂದು ಸುಮಾರು ಮೂರು ಲಕ್ಷ ಹೋದವು. ಚರಿತ್ರೆ ಬೇಕಿದ್ದವರಿಗೆ ಇದರಷ್ಟು ಚರಿತ್ರೆ ಇನ್ನೊಂದರಲ್ಲಿಲ್ಲ. ಆದರೆ ಹಳೆಯ .30-06ರ 1895 ಸಿಕ್ಕರೆ, ಬಲ್ಲ ಕುಶಲಕರ್ಮಿಯಿಂದ ಹೆಡ್‌ಸ್ಪೇಸ್ (ಬೀಗ ಬಿದ್ದ ಬೋಲ್ಟ್ ಮುಂದೆ ತೋಟಾಕ್ಕೆ ಇರುವ ಜಾಗ) ಅಳೆಯಿಸದೆ ಒಂದು ಗುಂಡೂ ಹಾರಿಸಬೇಡಿ. 1935ರ ವಿಂಚೆಸ್ಟರ್ ಮಾದರಿ 71 ಕೂಡ ಚೆಲುವಿನದೇ, .348 ತೋಟಾಕ್ಕೆ ಹುಡುಕಾಡುವ ತಾಳ್ಮೆ ಇದ್ದರೆ.

ಹುಡುಕುವ ಬಗ್ಗೆ. ಅಮೆರಿಕದ ಆನ್‌ಲೈನ್ ಹರಾಜುಗಳಲ್ಲಿ ಕೇಳುತ್ತಿರುವ ಬೆಲೆ ನೋಡಿ ಗಾಬರಿಯಾಗಬೇಡಿ. ಮುಗಿದ ಹರಾಜುಗಳಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಯಿತು ಎಂಬ ಪಟ್ಟಿ ತೆರೆದು ನೋಡಿ. ಮಾರುವವನಿಗೆ ಮಾದರಿಯ ಹೆಸರು ಗೊತ್ತಿರುತ್ತದೆ ಎಂದು ನಂಬಬೇಡಿ. 99ನ್ನು '1899' ಎಂದೋ, '300 ಸಾವೇಜ್' ಎಂದು ತೋಟಾದ ಹೆಸರಿನಿಂದಲೋ, ಬರೀ 'ಹಳೆಯ ಲಿವರ್ ರೈಫಲ್' ಎಂದೋ ಹಾಕಿರುತ್ತಾರೆ. ಅಜ್ಜನ ಬಂದೂಕನ್ನು ಮಾರುವ ಮೊಮ್ಮಕ್ಕಳ ಜಾಹೀರಾತುಗಳು ಹೀಗೇ ಇರುತ್ತವೆ, ಒಳ್ಳೆಯ ಬಂದೂಕುಗಳು ಸಿಗುವುದೂ ಅಲ್ಲೇ. 'ಅಪರೂಪ' ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನಾನು ಓದುವುದೇ ಇಲ್ಲ. ಹಿಡಿಯ ಸೇರುವೆ, ನಳಿಕೆಯ ತುದಿ, ನೆತ್ತಿಯ ತೂತುಗಳು, ಸ್ಕ್ರೂ ತಲೆಗಳು, ಮ್ಯಾಗಜೀನ್: ಇವುಗಳ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ ಎಂದು ಕೇಳುತ್ತೇನೆ. ಹಳೆಯ 99 ಆದರೆ ಹಿಡಿಯ ಹಿಂದಿನ ತಟ್ಟೆ ಬಿಚ್ಚಿ ಒಳಗಿನ ಸರಣಿ ಸಂಖ್ಯೆ ತೋರಿಸಲು ಹೇಳುತ್ತೇನೆ. ಅದು ಉಕ್ಕಿನ ಮೇಲಿನ ಸಂಖ್ಯೆಗೆ ಹೊಂದದಿದ್ದರೆ ಮರ ಬೇರೆ ಬಂದೂಕಿನದ್ದು.

ಕಾನೂನಿನ ಮಾತು ಎರಡು ಸಾಲಿನಲ್ಲಿ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಒಂದು ರಾಜ್ಯದ ಖಾಸಗಿ ವ್ಯಕ್ತಿಯಿಂದ ಇನ್ನೊಂದು ರಾಜ್ಯದವರು ಕೊಳ್ಳುವ ಬಂದೂಕು ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಕೈ ಬದಲಾಗಬೇಕು. ಅವರ ಶುಲ್ಕವನ್ನೂ ಸಾಗಣೆ ವೆಚ್ಚವನ್ನೂ ಬೆಲೆಗೆ ಸೇರಿಸಿಯೇ ಹೋಲಿಸಿ. 1898ರ ಕೊನೆಯೊಳಗೆ ತಯಾರಾದವನ್ನು ಅದೇ ಕಾಯ್ದೆ ಪುರಾತನ ವಸ್ತು ಎಂದು ಹೊರಗಿಡುತ್ತದೆ. ಆ ಗೆರೆಯ ಹಿಂದೆ ವಿಂಚೆಸ್ಟರ್ 94ರ ಆರಂಭದ ಸಂಖ್ಯೆಗಳು ಬೀಳುತ್ತವೆ, ಸಾವೇಜ್‌ನ 1895ರ ಮಾದರಿ ಬೀಳುತ್ತದೆ. 1899ರ ಸಾವೇಜ್‌ಗೆ ಈ ವಿನಾಯಿತಿ ಕೂದಲೆಳೆಯಲ್ಲಿ ತಪ್ಪಿದೆ. ರಾಜ್ಯಗಳ ನಿಯಮ ಇದಕ್ಕಿಂತ ಬಿಗಿ ಇರಬಹುದಾದ್ದರಿಂದ ಹರಾಜು ಕೂಗುವ ಮುಂಚೆಯೇ, ಬಂದೂಕು ಇಳಿಸಿಕೊಳ್ಳುವ ವ್ಯಾಪಾರಿಗೆ ಒಂದು ಫೋನ್ ಮಾಡಿ ಕೇಳಿಬಿಡಿ.