ದೊಡ್ಡಪ್ಪನಿಗೆ ಆಗಿದ್ದು ಅರಳುಮರಳಲ್ಲ

ನಮ್ಮ ದೊಡ್ಡಪ್ಪ ಮಂಡ್ಯ ಹತ್ತಿರದ ಊರಲ್ಲಿ ಆಲೆಮನೆ ನಡೆಸುತ್ತಿದ್ದರು. ಒಂದು ತೊಟ್ಟು ಪಾಕ ನೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡಿ ಹದ ಹೇಳುತ್ತಿದ್ದ ಮನುಷ್ಯ. 68ನೇ ವಯಸ್ಸಿನಲ್ಲಿ ಒಂದು ದಿನ ಕೊಪ್ಪರಿಗೆಯಲ್ಲಿ ಪಾಕ ಸೀಯುತ್ತಿದ್ದರೂ ಎದುರಿಗೇ ಸುಮ್ನೆ ಕೂತಿದ್ದರು.

ಅರವತ್ತಕ್ಕೆ ಅರಳುಮರಳು, ಅಜ್ಜಿಗೂ ಹೀಗೇ ಆಗಿತ್ತಲ್ವಾ ಅಂತ ಮನೆಯವರೆಲ್ಲ ಅಂದುಕೊಂಡೆವು. ತೋರಿಸಿದ ಡಾಕ್ಟರೂ ಸ್ಕ್ಯಾನ್ ಮಾಡಿಸದೆ ಮರೆವಿಗೆ ಮಾತ್ರೆ ಬರೆದುಕೊಟ್ಟರು. ಎಂಟು ತಿಂಗಳು ಹಾಗೇ ಹೋಯಿತು. ಆ ಎಂಟು ತಿಂಗಳು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಅಜ್ಜಿಯದು ಬೇರೆ ಥರ ಇತ್ತು. ಅವರದು ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆ. "ಊಟ ಆಯ್ತಾ ಮಗಾ" ಅಂತ ಹತ್ತು ಸಲ ಕೇಳುತ್ತಿದ್ದರು, ಬೆಳಿಗ್ಗೆ ನಡೆದದ್ದು ಸಂಜೆಗೆ ನೆನಪಿರುತ್ತಿರಲಿಲ್ಲ, ಆದರೆ ಮದುವೆಯಾದ ಹೊಸತರ ಕಥೆಯನ್ನು ಒಂದೂ ಬಿಡದೆ ಹೇಳುತ್ತಿದ್ದರು, ಹೀಗೇ ಏಳೆಂಟು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಸೋತರು. ದೊಡ್ಡಪ್ಪನಿಗೆ ಕಬ್ಬಿನ ಲೆಕ್ಕ, ಆಳುಗಳ ಹೆಸರು ಎಲ್ಲ ನೆನಪಿತ್ತು. ಹೋಗಿದ್ದು ಆಸಕ್ತಿ. ದೊಡ್ಡಮ್ಮ "ಉಣ್ಣಿ" ಅನ್ನುವವರೆಗೂ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಪಂಚೆ ಒದ್ದೆಯಾದರೂ ಏಳುತ್ತಿರಲಿಲ್ಲ.

ಕೊನೆಗೆ ಫಿಟ್ಸ್ ಬಂತು. ಮೈಸೂರಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದರೆ ಹಣೆಯ ಹಿಂದೆ ನಿಂಬೆಹಣ್ಣಿನಷ್ಟು ಗೆಡ್ಡೆ. ಮೆನಿಂಜಿಯೋಮಾ. ಇದು ಮಿದುಳಿನ ಸುತ್ತ ಇರುವ ಪೊರೆಯಲ್ಲಿ ಹುಟ್ಟುತ್ತದೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಣೆಯ ಹಿಂದೆ ಬಂದರೆ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತಾ ಮಿದುಳಿನ ಮುಂಭಾಗವನ್ನು ಒತ್ತುತ್ತದೆ. ಏಳು, ಮಾಡು ಅಂತ ನಮ್ಮನ್ನು ಎಬ್ಬಿಸುವುದು ಆ ಭಾಗವೇ. ಅದಕ್ಕೇ ಡಿಮೆನ್ಷಿಯಾ (ಮರೆವು, ಮಂಕು ಕವಿಯುವ ಕಾಯಿಲೆ) ಥರ ಕಾಣುತ್ತದೆ. ಎಲ್ಲ ಗೆಡ್ಡೆಯೂ ಇಷ್ಟು ನಿಧಾನವಲ್ಲ, ಕೆಲವು ವಾರಗಳಲ್ಲೇ ಮನುಷ್ಯನನ್ನು ಬದಲಾಯಿಸಿಬಿಡುತ್ತವೆ. ಬೆಳಿಗ್ಗೆ ಜಾಸ್ತಿಯಾಗುವ ತಲೆನೋವು, ವಾಂತಿ, ಒಂದು ಕಡೆಯ ಕೈಕಾಲು ಸೋಲುವುದು, ಇವು ಕಂಡರೆ ತಡ ಮಾಡಬೇಡಿ. ಆದರೆ ಇವಿಲ್ಲದಿದ್ದರೆ ಗೆಡ್ಡೆ ಇಲ್ಲ ಅಂತಲೂ ಅಲ್ಲ, ದೊಡ್ಡಪ್ಪನಿಗೆ ಒಂದು ದಿನವೂ ತಲೆನೋವು ಬಂದಿರಲಿಲ್ಲ.

ಆಪರೇಷನ್ ಆಯಿತು. ಮೂರು ತಿಂಗಳಿಗೆ ತಾವಾಗಿಯೇ ಆಲೆಮನೆಗೆ ನಡೆದು ಹೋದರು, ಮೊದಲಿನ ಚುರುಕು ಪೂರ್ತಿ ಬಂದಿಲ್ಲ.

ದಯವಿಟ್ಟು ವಯಸ್ಸಾಯ್ತು ಅಂತ ಬಿಡಬೇಡಿ. ವಿಟಮಿನ್ ಬಿ12 ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ, ಬಚ್ಚಲಲ್ಲಿ ಜಾರಿ ಬಿದ್ದು ತಲೆಬುರುಡೆಯೊಳಗೆ ರಕ್ತ ನಿಂತರೂ ಮಂಕು ಕವಿಯುತ್ತದೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ರಕ್ತಪರೀಕ್ಷೆ, ಒಂದು ಸ್ಕ್ಯಾನ್ ಕೇಳಿ ಮಾಡಿಸಿ. ಏನು ಬದಲಾಯಿತು, ಯಾವ ತಿಂಗಳಿಂದ ಅಂತ ಬರೆದುಕೊಂಡು ಹೋಗಿ. ಅವರನ್ನೇ ಕೇಳಿದರೆ ಗೊತ್ತಾಗುವುದಿಲ್ಲ. ಆಪರೇಷನ್ ಹಿಂದಿನ ರಾತ್ರಿಯೂ ದೊಡ್ಡಪ್ಪ "ನಂಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಅಂದಿದ್ದರು.